ಓದಿದರೆ ಬೆಚ್ಚಿಬೀಳ್ತೀರಿ! (ಬೀಳದಿದ್ದರೆ ಬೈಕೊಳ್ಳಬೇಡಿ)

ರಾತ್ರಿ ಹನ್ನೊಂದಾಗಿರುತ್ತದೆ. ನಾಳೆ ಬೇಗ ಏಳಬೇಕು ಅಂತ ದೀಪ ಆರಿಸಿ ಮಲಗಿರುತ್ತೀರಿ. ಕೊನೆಯದಾಗಿ ಒಂದೇ ಒಂದು ಸಲ ಅಂತ ಫೋನ್ ಎತ್ತಿಕೊಂಡರೆ, 'ಅಡುಗೆಮನೆಯ ಈ ಒಂದು ವಸ್ತುವನ್ನು ಇಂದೇ ಹೊರಗೆ ಎಸೆಯಿರಿ, ಇಲ್ಲದಿದ್ದರೆ...' ಎಂಬ ಸಾಲು ಕಾಣುತ್ತದೆ. ಆ ಮೂರು ಚುಕ್ಕೆಗಳಲ್ಲಿ ನಿಮ್ಮ ನಿದ್ದೆ ಮುಗಿಯಿತು. ಒತ್ತುತ್ತೀರಿ. ಎರಡು ಜಾಹೀರಾತು ದಾಟಿ, ತಾನಾಗಿಯೇ ಶುರುವಾದ ವಿಡಿಯೊದ ಬಾಯಿ ಮುಚ್ಚಿಸಿ, ಅಡುಗೆಮನೆಯ ಇತಿಹಾಸವನ್ನೆಲ್ಲ ಓದಿ ತಳ ಮುಟ್ಟಿದರೆ ಸಿಗುವುದು ಪಾತ್ರೆ ತಿಕ್ಕುವ ಹಳೆಯ ಸ್ಪಂಜು. ಆಗ ಅದನ್ನು ಬರೆದವನಿಗೆ ಮನಸ್ಸಿನಲ್ಲೇ ಒಂದಿಷ್ಟು ಮಂತ್ರಾಕ್ಷತೆ ಹಾಕುತ್ತೀರಲ್ಲ, ಅದು ತಪ್ಪದೆ ತಲುಪುತ್ತಿತ್ತು. ಬರೆಯುತ್ತಿದ್ದವನು ನಾನೇ.

ಹುಟ್ಟಿನಿಂದ ನಾನು ಇಂಥವನಲ್ಲ. ಮಾಸಪತ್ರಿಕೆಗಳಿಗೆ ಲಲಿತ ಪ್ರಬಂಧ ಬರೆದು, 'ಇಬ್ಬನಿಯ ಹಾದಿ', 'ಮುಸ್ಸಂಜೆಯ ಮೌನ' ಅಂತ ಹೆಸರಿಟ್ಟು, ಗೌರವ ಪ್ರತಿಗಾಗಿ ಅಂಚೆಯಣ್ಣನ ದಾರಿ ಕಾಯುತ್ತಿದ್ದ ಸಾಧು ಪ್ರಾಣಿ. ಬೆಂಗಳೂರಿನ ಒಂದು ಸುದ್ದಿ ಜಾಲತಾಣಕ್ಕೆ ಶೀರ್ಷಿಕೆ ಕೊಡುವವರು ಬೇಕು ಅಂದಾಗ, ಇದಕ್ಕಿಂತ ಸುಲಭದ ಕೆಲಸ ಭೂಮಿಯ ಮೇಲೆ ಇಲ್ಲ ಅಂದುಕೊಂಡೆ. ಲೇಖನ ಇನ್ನೊಬ್ಬರು ಬರೆಯುತ್ತಾರೆ, ನಾನು ಆರು ಪದ ಹಾಕಿ ಕಾಫಿಗೆ ಹೋಗುವುದು. ಮೊದಲ ದಿನ ಕೈಗೆ ಬಂದದ್ದು ಕೋಲಾರದ ಸುದ್ದಿ. ಟೊಮೆಟೊ ಬೆಲೆ ಕುಸಿದು ರೈತರು ಹಣ್ಣನ್ನು ರಸ್ತೆಗೆ ಸುರಿದಿದ್ದರು. ನಾನು ಕಣ್ಣು ಮುಚ್ಚಿ, ಮನಸ್ಸು ಕರಗಿಸಿ, 'ಕೆಂಪು ಕಂಬನಿ' ಎಂದು ಬರೆದೆ. ಬರೆದು ನಾನೇ ಗದ್ಗದಿತನಾದೆ. ಒಂದು ಗಂಟೆ ಬಿಟ್ಟು ನೋಡಿದರೆ ಕಂಪ್ಯೂಟರು ಆ ಸುದ್ದಿಯನ್ನು ಆರೋಗ್ಯ ವಿಭಾಗಕ್ಕೆ ಸೇರಿಸಿ, ಅದರ ಕೆಳಗೆ 'ಕಣ್ಣು ಕೆಂಪಾದರೆ ಮನೆಮದ್ದು' ಎಂಬ ಲೇಖನವನ್ನೂ ಅಂಟಿಸಿತ್ತು. ಓದಿದವರು ನಾನು ಮತ್ತು ನನ್ನ ಹೆಂಡತಿ. ಅವಳೂ ನಾನು ಕೇಳಿಕೊಂಡದ್ದಕ್ಕೆ ಓದಿದ್ದು.

"ಸರ್, ಪೇಪರಲ್ಲಾದ್ರೆ ಪಕ್ಕದಲ್ಲೇ ಫೋಟೊ ಇರತ್ತೆ, ಊರಿನ ಹೆಸರು ಇರತ್ತೆ, ಜನ ಅರ್ಥ ಮಾಡ್ಕೋತಾರೆ," ಅಂದಳು ನನ್ನ ಅರ್ಧ ವಯಸ್ಸಿನ ಮುಖ್ಯ ಉಪಸಂಪಾದಕಿ. "ಫೋನಲ್ಲಿ ನಿಮ್ಮ ಹೆಡ್ಡಿಂಗ್ ಒಂದೇ ಒಂದು ನಿಂತಿರತ್ತೆ. ಮೇಲೆ ಯಾರದೋ ಗೃಹಪ್ರವೇಶದ ಫೋಟೊ, ಕೆಳಗೆ ಗುಡ್ ಮಾರ್ನಿಂಗ್ ಗುಲಾಬಿ. ಮತ್ತೆ ಸರ್, ಜನ ಹುಡುಕೋದು 'ಕೋಲಾರ ಟೊಮೆಟೊ ಬೆಲೆ' ಅಂತ. ಯಾರಾದ್ರೂ 'ಕೆಂಪು ಕಂಬನಿ' ಅಂತ ಟೈಪ್ ಮಾಡ್ತಾರಾ?" ಇಲ್ಲಮ್ಮ, ಮಾಡಲ್ಲ. ಅವಳು ಹೇಳಿದ್ದು ಅಕ್ಷರಶಃ ಸರಿ ಎಂಬುದೇ ನನಗೆ ಆದ ಹೆಚ್ಚಿನ ಅವಮಾನ.

ಸರಿ, ಕಲಿಯೋಣ ಅಂತ ಪುಸ್ತಕ ತೆರೆದೆ. ಅಕ್ಷರಸ್ಥರು ಕೆಡುವುದು ಯಾವಾಗಲೂ ಇಲ್ಲಿಂದಲೇ. ಜಾಹೀರಾತು ಲೋಕದ ಗುರು ಡೇವಿಡ್ ಓಗಿಲ್ವಿ 1963ರಲ್ಲಿ ತನ್ನ ಪುಸ್ತಕದಲ್ಲಿ ಹೇಳಿದ ಪ್ರಕಾರ, ಜಾಹೀರಾತಿನ ಒಳಗಿನ ಮಾತು ಓದುವವರಿಗಿಂತ ಶೀರ್ಷಿಕೆ ಓದುವವರು ಸರಾಸರಿ ಐದು ಪಟ್ಟು ಹೆಚ್ಚು. ಇದರಿಂದ ನಾನು ಕಲಿಯಬೇಕಾದದ್ದು ಶೀರ್ಷಿಕೆಯ ಮಹತ್ವ. ಕಲಿತದ್ದು ಮಾತ್ರ, ಇಷ್ಟು ವರ್ಷ ನನ್ನ ಪ್ರಬಂಧಗಳ ಒಳಗೆ ಬೆವರು ಸುರಿಸಿದ್ದೆಲ್ಲ ದಂಡ ಎಂದು. ಅದೇ ಮಹಾನುಭಾವ ಒಂದು ಜಾಹೀರಾತಿಗೆ 16ಕ್ಕಿಂತ ಕಡಿಮೆ ಶೀರ್ಷಿಕೆ ಬರೆಯುತ್ತಿರಲಿಲ್ಲವಂತೆ. ಮುಂದೆ 2012ರಲ್ಲಿ ಅಮೆರಿಕದಲ್ಲಿ ಶುರುವಾದ ಅಪ್‌ವರ್ದಿ ಎಂಬ ಜಾಲತಾಣ ಇದನ್ನು 25ಕ್ಕೆ ಏರಿಸಿತು. ಮೊದಲಿನವು ಹೇಗೂ ಸಪ್ಪೆಯಾಗಿರುತ್ತವೆ, ಹತಾಶೆ ಹುಟ್ಟಿದ ಮೇಲೇ ಒಳ್ಳೆಯದು ಬರುವುದು ಎಂಬುದು ಅವರ ಲೆಕ್ಕ. ಹತಾಶೆಯ ವಿಷಯದಲ್ಲಿ ನನಗೆ ಯಾರ ತರಬೇತಿಯೂ ಬೇಕಿರಲಿಲ್ಲ.

ಆ ವಾರ ಸಿಕ್ಕ ಸುದ್ದಿ 'ನಾಳೆ ಬೆಳಗ್ಗೆ 10ರಿಂದ ವಿದ್ಯುತ್ ವ್ಯತ್ಯಯ'. ಇಷ್ಟರಲ್ಲೇ ಎಲ್ಲ ಇದೆ ಎಂದು ಯಾವ ಸಾಮಾನ್ಯ ಮನುಷ್ಯನಿಗೂ ಗೊತ್ತಾಗುತ್ತದೆ. ನಾನು ಸಾಮಾನ್ಯನಾಗಿ ಉಳಿದಿರಲಿಲ್ಲ. ರಾತ್ರಿ ಕೂತು 25 ಬರೆಯಲು ಹೊರಟೆ. ಬೆಳಕಿನ ಬಗ್ಗೆ ಬರೆದೆ, ಕತ್ತಲೆಯ ಬಗ್ಗೆ ಬರೆದೆ, ಮಿಕ್ಸಿ ಮತ್ತು ಚಟ್ನಿಯ ಅಗಲಿಕೆಯ ಬಗ್ಗೆ ಬರೆದೆ. ಕಟ್ಟಕಡೆಗೆ ಹೊಳೆದದ್ದು: 'ನಾಳೆ ಬೆಳಗ್ಗೆ 10 ಗಂಟೆಗೆ ನಿಮ್ಮ ಮನೆಯಲ್ಲಿ ನಡೆಯುವುದನ್ನು ನೀವು ಊಹಿಸಲಾರಿರಿ!' ಅದು ಹೊಳೆಯುವ ಹೊತ್ತಿಗೆ ಮರುದಿನದ ಮಧ್ಯಾಹ್ನವಾಗಿ, ಕರೆಂಟು ಹೋಗಿ, ಬಂದೂ ಆಗಿತ್ತು. ಆದರೂ ಬಿಡಲಾರದೆ ಹಾಕಿದೆ. ಓದಿದ ನಮ್ಮತ್ತೆ, ಪಾಪ, ಮುಂದಿನ ಬೆಳಗ್ಗೆ 10 ಗಂಟೆಗೆ ದೇವರ ಮುಂದೆ ದೀಪ ಹಚ್ಚಿಟ್ಟು ಕೈಮುಗಿದು ಕೂತಿದ್ದರು. ಏನೂ ಆಗಲಿಲ್ಲ. ದೇವರ ದಯೆ ಅಂದರು. ನಾನು ಸುಮ್ಮನಿದ್ದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನೇ ಅಲ್ಲ. ಜಾರ್ಜ್ ಲೋವೆನ್‌ಸ್ಟೈನ್ ಎಂಬ ವಿದ್ವಾಂಸರು 1994ರಲ್ಲಿ ಕುತೂಹಲದ ಬಗ್ಗೆ ಒಂದು ಸಿದ್ಧಾಂತ ಕೊಟ್ಟರು. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನಿಸುವುದಕ್ಕೂ ನಡುವೆ ಒಂದು ಸಂದು ಕಂಡಾಗ ಮನಸ್ಸು ಚಡಪಡಿಸುತ್ತದೆ, ಅದೇ ಕುತೂಹಲ. ಸಂದು ತೆರೆಯುವುದು ನನಗೆ ಚಟವೇ ಆಗಿಹೋಯಿತು. ಮನೆಗೆ ಬರುವ ದಾರಿಯಲ್ಲಿ ಹೆಂಡತಿಗೆ, 'ಮಾರ್ಕೆಟ್ಟಿನಲ್ಲಿ ನಾನು ಕಂಡದ್ದು ಗೊತ್ತಾದರೆ ನೀನು ದಂಗಾಗುತ್ತೀಯ' ಎಂದು ಮೆಸೇಜು ಕಳಿಸಿದೆ. 'ಕೊತ್ತಂಬರಿ ತಂದ್ರಾ?' ಎಂದು ಉತ್ತರ ಬಂತು. ತಂದಿರಲಿಲ್ಲ. ಬಾಗಿಲಲ್ಲಿ ನಾನು ದಂಗಾದೆ. ಇನ್ನು ಪ್ರಶ್ನಾರ್ಥಕ ಚಿಹ್ನೆಯ ಚಟ ಬೇರೆ. ಬ್ರಿಟನ್ನಿನ ಪತ್ರಕರ್ತ ಇಯನ್ ಬೆಟರಿಜ್ 2009ರಲ್ಲಿ ಇದಕ್ಕೊಂದು ಕಟಕಿಯ ನಿಯಮ ಮಾಡಿಟ್ಟ. ಪ್ರಶ್ನೆಯಲ್ಲಿ ಮುಗಿಯುವ ಯಾವುದೇ ಶೀರ್ಷಿಕೆಗೆ 'ಇಲ್ಲ' ಅಂತ ಉತ್ತರ ಕೊಟ್ಟರೆ ಸಾಕು. ಬರೆದವನ ಕೈಯಲ್ಲಿ ಪುರಾವೆ ಇದ್ದಿದ್ದರೆ ಪ್ರಶ್ನೆ ಯಾಕೆ ಹಾಕುತ್ತಿದ್ದ? ಆ ನಿಯಮ ಓದಿ ಜೋರಾಗಿ ನಕ್ಕಿದ್ದೆ. ಅದು ನನಗಾಗಿಯೇ ಹೊಂಚು ಹಾಕಿ ಕೂತಿದೆ ಎಂದು ಆಗ ಗೊತ್ತಿರಲಿಲ್ಲ.

ಅಷ್ಟರಲ್ಲಿ ಹಳೆಯ ಫಾಂಟಿನ ಪ್ರಸಂಗ ನಡೆಯಿತು. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಕೈ ಪಳಗಿದವನು ನಾನು. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಒಯ್ದರೆ ಕನ್ನಡ ವೇಷ ಕಳಚಿ, ತಲೆಯ ಮೇಲೆ ಗೆರೆ, ಚುಕ್ಕೆ, ಟೋಪಿ ಹೊತ್ತ ಪರದೇಶಿ ಅಕ್ಷರಗಳು ಹಲ್ಲು ಕಿರಿಯುತ್ತವೆ. ಒಂದು ರಾತ್ರಿ ಮನೆಯಲ್ಲಿ ಟೈಪಿಸಿದ್ದನ್ನು ಪರಿವರ್ತಿಸದೆ ಹಾಗೇ ಅಂಟಿಸಿ ಮಲಗಿಬಿಟ್ಟೆ. ಬೆಳಗ್ಗೆ ನೋಡಿದರೆ ಇಡೀ ಜಾಲತಾಣದಲ್ಲಿ ಅತಿ ಹೆಚ್ಚು ಜನ ತೆರೆದ ಸುದ್ದಿ ಅದೇ! ಸಂದು ಅಷ್ಟು ವಿಶಾಲವಾಗಿತ್ತು. ಇದು ಯಾವ ದೇವರ ಬೀಜಮಂತ್ರ ಎಂದು ಒಬ್ಬರು ಫೋನ್ ಮಾಡಿ ಕೇಳಿದರು. ಇಷ್ಟು ಓದಿ, ಇಷ್ಟು ಬೆವರಿ, ನನ್ನ ಜೀವಮಾನದಲ್ಲಿ ಅತ್ಯಂತ ಯಶಸ್ವಿಯಾದದ್ದು ಯಾರಿಗೂ ಓದಲಾಗದ ಶೀರ್ಷಿಕೆ.

ಆ ಉಮೇದಿನಲ್ಲಿ ಜಾಹೀರಾತಿಗೂ ಕೈ ಹಾಕಿದೆ. ಓಗಿಲ್ವಿ 1958ರಲ್ಲಿ ರೋಲ್ಸ್ ರಾಯ್ಸ್ ಕಾರಿಗೆ ಬರೆದ ಸಾಲು ಈಗಲೂ ಪಾಠವಾಗಿದೆ. ಗಂಟೆಗೆ 60 ಮೈಲಿ ವೇಗದಲ್ಲಿ ಆ ಹೊಸ ಕಾರಿನಲ್ಲಿ ಕೇಳುವ ಅತಿ ದೊಡ್ಡ ಸದ್ದು ಅದರ ಎಲೆಕ್ಟ್ರಿಕ್ ಗಡಿಯಾರದ್ದು ಎಂಬುದು ಅದರ ಸಾರ. ಅದ್ಭುತ, ಅಪೂರ್ವ ಅಂತ ಒಂದೂ ಪದವಿಲ್ಲ. ಕಾರಿನ ಬಗ್ಗೆ ಮೂರು ವಾರ ಓದಿ, ಒಂದು ಪತ್ರಿಕೆಯ ಪರೀಕ್ಷಾ ವರದಿಯಿಂದ ಹೆಕ್ಕಿದ ಒಂದು ಸಂಗತಿ, ಅಷ್ಟೇ. ಅದನ್ನು ನೋಡಿದ ಕಾರ್ಖಾನೆಯ ಮುಖ್ಯ ಎಂಜಿನಿಯರು ತಲೆಯಾಡಿಸಿ, ಆ ಹಾಳು ಗಡಿಯಾರಕ್ಕೆ ಏನಾದರೂ ಮಾಡಬೇಕು ಅಂದರೆಂದು ಓಗಿಲ್ವಿಯೇ ಹೇಳಿಕೊಂಡಿದ್ದಾನೆ. ನನ್ನ ಹಳೆಯ ಕಾರು ಮಾರುವುದಿತ್ತು. ನನಗೂ ಒಂದು ಸಂಗತಿ ಬೇಕಲ್ಲ? ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಮಕೂರು ರಸ್ತೆಗೆ ಇಳಿದೆ. ಮುಳ್ಳು 60 ಕಿಲೋಮೀಟರ್ ಮುಟ್ಟಿದಾಗ ಕೇಳಿದೆ: "ಎಲ್ಲಕ್ಕಿಂತ ದೊಡ್ಡ ಸದ್ದು ಯಾವುದು ಹೇಳು?"

"ಆಂ?" ಅಂದಳು.

"ಯಾವ ಸದ್ದು ಕೇಳ್ತಾ ಇದೆ?"

"ಏನ್ರೀ? ಜೋರಾಗಿ ಹೇಳಿ!"

ಉತ್ತರ ಸಿಕ್ಕಿತು. ಮನೆಗೆ ಬಂದು ಒಂದೂ ಸುಳ್ಳಿಲ್ಲದ ಶೀರ್ಷಿಕೆ ಬರೆದೆ: 'ಗಂಟೆಗೆ 60 ಕಿ.ಮೀ. ವೇಗದಲ್ಲಿ ಈ ಕಾರಿನೊಳಗೆ ಹೊರಗಿನ ಟ್ರಾಫಿಕ್ ಸದ್ದು ಕೇಳಿಸುವುದೇ ಇಲ್ಲ!' ಮೂರು ಜನ ನೋಡಲು ಬಂದರು. ಒಬ್ಬ ಸಜ್ಜನರು ಓಡಿಸಿಯೂ ನೋಡಿದರು. ಇಳಿದವರು ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡು, "ನೀವು ಬರೆದದ್ದು ನೂರಕ್ಕೆ ನೂರು ನಿಜ ಸಾರ್," ಎಂದು ಕೈಮುಗಿದು ಹೊರಟರು. ಕಾರು ಇನ್ನೂ ನಮ್ಮ ಮನೆ ಮುಂದೆಯೇ ಇದೆ. ಅಮೆರಿಕದಲ್ಲಿ 1926ರಲ್ಲಿ ಜಾನ್ ಕೇಪಲ್ಸ್ ಎಂಬಾತ ಸಂಗೀತ ಪಾಠಕ್ಕೆ ಬರೆದ ಒಂದು ಜಾಹೀರಾತು ಪ್ರಸಿದ್ಧ. ಅದರಲ್ಲಿ ಒಬ್ಬ ಪಿಯಾನೊ ಮುಂದೆ ಕೂತಾಗ ಎಲ್ಲರೂ ನಗುತ್ತಾರೆ, ನುಡಿಸಲು ಶುರುಮಾಡಿದಾಗ ಬೆರಗಾಗುತ್ತಾರೆ. ನನ್ನ ಪಾಲಿಗೆ ಆ ಶೀರ್ಷಿಕೆಯ ಮೊದಲರ್ಧ ಮಾತ್ರ ಬಂದಿದೆ.

ನಗುವ ವಿಷಯ ಇಲ್ಲಿಗೆ ಮುಗಿಯಿತು. ಮುಂದಿನದನ್ನು ಬರೆಯುವಾಗ ಈಗಲೂ ಕೈ ಬೆವರುತ್ತದೆ. ಒಬ್ಬ ಹಿರಿಯ ರಂಗನಟರು ಹೊಸ ನಾಟಕದ ತಾಲೀಮು ಶುರುಮಾಡಿದ್ದರು. ಫೋನಿನಲ್ಲಿ ಠಣ್ ಅಂತ ಬರುವ ನೋಟಿಫಿಕೇಷನ್‌ಗೆ ನಾನು ಶೀರ್ಷಿಕೆ ಕೊಡಬೇಕು. ಭಕ್ತಿ ಉಕ್ಕಿ ಬರೆದೆ: 'ಕನ್ನಡ ರಂಗಭೂಮಿಯ ಹಿರಿಯ ನಟ, ಎಲ್ಲರ ಮೆಚ್ಚಿನ ಕಲಾವಿದ ಇನ್ನಿಲ್ಲದ ಉತ್ಸಾಹದಲ್ಲಿ ಹೊಸ ನಾಟಕಕ್ಕೆ ಸಜ್ಜು'. ಫೋನಿನ ಪರದೆಗೆ ನನ್ನ ಭಕ್ತಿಯ ಅಗಲ ಎಲ್ಲಿ ಬರಬೇಕು? ಜಾಗ ಮುಗಿದಲ್ಲಿ ಕತ್ತರಿಸಿ ಮೂರು ಚುಕ್ಕೆ ಇಡುವುದು ಅದರ ಧರ್ಮ. ಸಾವಿರಾರು ಫೋನುಗಳಲ್ಲಿ ಠಣ್ ಅಂದದ್ದು: 'ಕನ್ನಡ ರಂಗಭೂಮಿಯ ಹಿರಿಯ ನಟ, ಎಲ್ಲರ ಮೆಚ್ಚಿನ ಕಲಾವಿದ ಇನ್ನಿಲ್ಲ...'

ಉಳಿದದ್ದನ್ನು ನೀವೇ ಊಹಿಸಬಲ್ಲಿರಿ. ಅವರ ಮನೆ ಮುಂದೆ ಚಪ್ಪಲಿಗಳು ರಾಶಿ ಬಿದ್ದವು. ಹಾರ ಹಿಡಿದು ಬಂದವರಿಗೆ ಬಾಗಿಲು ತೆರೆದದ್ದು ಸ್ವತಃ ಅವರೇ. ಕಚೇರಿಗೆ ಅವರ ಫೋನ್ ಬಂದಾಗ ಉಪಸಂಪಾದಕಿ ಒಂದೂ ಮಾತಾಡದೆ ರಿಸೀವರನ್ನು ನನ್ನ ಕೈಗಿಟ್ಟಳು. "ನಾನು ಇದ್ದೀನಿ ಸ್ವಾಮಿ," ಅಂದರು ಅವರು ಅದೇ ಕಂಚಿನ ಕಂಠದಲ್ಲಿ. "ಬೆಳಗ್ಗೆ ಎದ್ದು ನೋಡ್ಕೊಂಡೆ, ಇದ್ದೀನಿ." ನಾನು ಫೋನಿನಲ್ಲೇ ಅಡ್ಡಬಿದ್ದೆ. ಕೂಡಲೇ ಸ್ಪಷ್ಟನೆ ಹಾಕಬೇಕಿತ್ತು. ಕೈ ನಡುಗುತ್ತಿತ್ತು, ಈ ಸಲ ಉದ್ದವಾಗಬಾರದು ಎಂಬುದೊಂದೇ ತಲೆಯಲ್ಲಿ. ಚಟ ಎಲ್ಲಿ ಬಿಡುತ್ತದೆ? ಬೆರಳು ತನ್ನಷ್ಟಕ್ಕೆ ಟೈಪಿಸಿತು: 'ಹಿರಿಯ ನಟ ಬದುಕಿದ್ದಾರಾ? ಇಲ್ಲಿದೆ ಅಸಲಿ ವಿಷಯ!' ಬೆಟರಿಜ್ ಸಾಹೇಬರ ನಿಯಮದ ಪ್ರಕಾರ ಆ ಪ್ರಶ್ನೆಗೆ ಉತ್ತರ ಏನು ಅಂತ ನಿಮಗೆ ಗೊತ್ತು. ಜನರಿಗೂ ಗೊತ್ತಿತ್ತು. ಎರಡನೇ ಕಂತಿನ ಹಾರಗಳು ಹೊರಟವು. ಸಂಜೆ ಅವರದ್ದೇ ಮತ್ತೊಂದು ಫೋನ್: "ಟಿಕೆಟೆಲ್ಲ ಖರ್ಚಾಯ್ತು ಕಣಯ್ಯ. ಕಣ್ಣಾರೆ ನೋಡಿದ ಮೇಲೇ ನಂಬ್ತಾರಂತೆ." ದೊಡ್ಡ ಮನುಷ್ಯರು. ಉಪಸಂಪಾದಕಿಯೂ ದೊಡ್ಡ ಮನಸ್ಸಿನವಳೇ. "ಸರ್, ನೀವು ಸ್ವಲ್ಪ ದಿನ ಊರಿಗೆ ಹೋಗಿ ರೆಸ್ಟ್ ತಗೊಳ್ಳಿ," ಅಂದಳು. ಆ 'ಸ್ವಲ್ಪ ದಿನ' ಇನ್ನೂ ಮುಗಿದಿಲ್ಲ.

ಊರು ಅಂದರೆ ಸಾಗರದ ಕಡೆ, ಚಿಕ್ಕಮ್ಮನ ಮನೆ. ಅಲ್ಲಿ ಅಜ್ಜಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುತ್ತಾಳೆ, ಚಿಕ್ಕಮ್ಮ ಮಾರುತ್ತಾಳೆ. ಬೆಂಗಳೂರಿನಲ್ಲಿ ಶೀರ್ಷಿಕೆ ಬರೆಯುವ ಮೊಮ್ಮಗ ಬಂದಿದ್ದಾನೆ, ಆನ್‌ಲೈನ್ ಜಾಹೀರಾತು ಇವನೇ ನೋಡಿಕೊಳ್ಳಲಿ ಎಂದರು. ನನ್ನ ಖ್ಯಾತಿ ಇನ್ನೂ ಅಲ್ಲಿಗೆ ತಲುಪಿರಲಿಲ್ಲ. ಮೊದಲ ಪ್ರಯತ್ನದಲ್ಲೇ 'ಈ ಉಪ್ಪಿನಕಾಯಿ ತಿಂದರೆ ಸಕ್ಕರೆ ಕಾಯಿಲೆ ಮಂಗಮಾಯ!' ಎಂದು ಬರೆದು ಎಲ್ಲರಿಗೂ ಓದಿ ಹೇಳಿದೆ. ಕಾನೂನು ಓದುತ್ತಿರುವ ಚಿಕ್ಕಮ್ಮನ ಮಗ ತಟ್ಟೆಯಿಂದ ತಲೆ ಎತ್ತಿದ. "ಅಣ್ಣಾ, 1954ರ ಕಾಯ್ದೆ ಪ್ರಕಾರ ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದೇ ಅಪರಾಧ. ಸಾಲದ್ದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ ದಂಡ." ಚಿಕ್ಕಮ್ಮ ಬಾಯಲ್ಲೇ ಲೆಕ್ಕ ಹಾಕಿದಳು. ಬಾಟಲಿಗೆ 250 ರೂಪಾಯಿಯಂತೆ 4,000 ಬಾಟಲಿ. ಅಷ್ಟು ಮಿಡಿ ಕೊಯ್ಯಲು ಹೊಳೆಯ ದಂಡೆಯ ಮರಗಳೆಲ್ಲ ಸೇರಿದರೂ ಸಾಲದು ಅಂದಳು. ಅದನ್ನು ಅಳಿಸಿದೆ.

ಆಮೇಲೆ ಹಿಡಿದದ್ದು ಹುಡುಕಾಟದ ಪುಟದಲ್ಲಿ ಮೇಲೆ ಬರುವ ಜಾಹೀರಾತು. ಅದರ ನಿಯಮ ವಿಚಿತ್ರ. 15 ಶೀರ್ಷಿಕೆಗಳವರೆಗೆ ಕೊಡಬಹುದು, ಒಂದೊಂದೂ 30 ಅಕ್ಷರ ಮೀರಬಾರದು. 30 ಅಂದರೆ ಧಾರಾಳವಾಯಿತು ಅಂದುಕೊಂಡೆ. ಕಂಪ್ಯೂಟರಿನ ಎಣಿಕೆ ಬೇರೆ. ಗುಣಿತ, ಒತ್ತು, ಎಲ್ಲಕ್ಕೂ ಅದು ಪ್ರತ್ಯೇಕ ಎಲೆ ಹಾಕುತ್ತದೆ. 'ಉಪ್ಪಿನಕಾಯಿ' ನಮ್ಮ ಕಣ್ಣಿಗೆ ಐದಕ್ಷರ, ಅದರ ಲೆಕ್ಕಕ್ಕೆ 10. 'ಅಪ್ಪೆಮಿಡಿ' ನಮಗೆ ನಾಲ್ಕು, ಅದಕ್ಕೆ 9. ನಡುವಿನ ಖಾಲಿ ಜಾಗ ಸೇರಿ 20 ಅಲ್ಲಿಗೇ ಖರ್ಚು. ಹಾಗಾಗಿ ಉಪ್ಪಿನಕಾಯಿ ಎಂಬ ಪದವನ್ನೇ ಕೈಬಿಟ್ಟು ಚುಟುಕಾಗಿ ಬರೆದೆ. 'ಎಂಬತ್ತು ದಾಟಿದ ನಮ್ಮಜ್ಜಿ' ಒಂದು, 'ಎರಡು ವರ್ಷ ಕೆಡುವುದಿಲ್ಲ' ಇನ್ನೊಂದು, 'ಒಂದು ಕೊಂಡರೆ ಒಂದು ಉಚಿತ' ಮತ್ತೊಂದು. ಬಿಡಿಬಿಡಿಯಾಗಿ ಎಲ್ಲವೂ ಮುತ್ತು. ಆದರೆ ಯಾವ ಶೀರ್ಷಿಕೆಯ ಪಕ್ಕ ಯಾವುದು ಎಂದು ತೀರ್ಮಾನಿಸುವುದು ಯಂತ್ರ. ಅದು ಇಸ್ಪೀಟೆಲೆಯ ಹಾಗೆ ಕಲಸಿ ಮೂರರವರೆಗೆ ಎತ್ತಿ ತೋರಿಸುತ್ತದೆ ಎಂಬ ಸಾಲನ್ನು ನಾನು ಓದಿರಲಿಲ್ಲ. ಮರುದಿನ ಶಿವಮೊಗ್ಗದಿಂದ ಅತ್ತೆಯ ಮಗಳು ಫೋನಿನ ಚಿತ್ರ ಕಳಿಸಿದಳು. ಜಗತ್ತಿಗೆ ಕಾಣುತ್ತಿದ್ದದ್ದು: 'ಎಂಬತ್ತು ದಾಟಿದ ನಮ್ಮಜ್ಜಿ | ಎರಡು ವರ್ಷ ಕೆಡುವುದಿಲ್ಲ | ಒಂದು ಕೊಂಡರೆ ಒಂದು ಉಚಿತ'.

ಅಡುಗೆಮನೆಯಲ್ಲಿ ಇದನ್ನು ಓದಿ ಹೇಳುವ ಧೈರ್ಯ ನನಗಿರಲಿಲ್ಲ. ಚಿಕ್ಕಮ್ಮನ ಮಗ ಓದಿದ, ರಾಗವಾಗಿ. ಅಜ್ಜಿ ಮಿಡಿ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದಳು.

"ನನ್ನ ಮಾರಿದ್ದು ಇರಲಿ ಮಾರಾಯ," ಅಂದಳು. "ಉಚಿತ ಕೊಡ್ತೀನಿ ಅಂದ್ಯಲ, ಆ ಇನ್ನೊಬ್ಬಳು ಯಾರು?"

ಮನೆಯೆಲ್ಲ ನಕ್ಕು ಸುಸ್ತಾದ ಮೇಲೆ ನಾನು ಸೋತ ದನಿಯಲ್ಲಿ ಕೇಳಿದೆ, ನೀನಾಗಿದ್ದರೆ ಏನು ಬರೆಯುತ್ತಿದ್ದೆ ಅಜ್ಜಿ? ಅವಳು ತಲೆ ಕೂಡ ಎತ್ತಲಿಲ್ಲ. "ತೊಟ್ಟು ಮುರಿಯದ ಮಿಡಿ. ಈ ವರ್ಷ ಐವತ್ತೇ ಬಾಟ್ಲಿ. ಮತ್ತೆಂತ ಬರೆಯೋದು?" ತೊಟ್ಟು ಮುರಿದರೆ ಸೊನೆ ಸೋರುತ್ತದೆ, ಸೊನೆ ಹೋದರೆ ಪರಿಮಳವೂ ಹೋಯಿತು, ಉಪ್ಪಿನಲ್ಲಿ ಬಾಳುವುದೂ ಇಲ್ಲ. ಇದು ಗೊತ್ತಿರುವವರಿಗೆ ಆ ಮೂರು ಪದದಲ್ಲಿ ಇಡೀ ಭರಣಿಯ ವಾಸನೆ ಬರುತ್ತದೆ. ಎಣಿಸಿ ನೋಡಿದೆ. ಕಂಪ್ಯೂಟರಿನ ಲೆಕ್ಕದಲ್ಲೂ 18. ಓಗಿಲ್ವಿ ಮೂರು ವಾರ ಓದಿ ಹೆಕ್ಕಿದ ಜಾತಿಯದೇ ಸಂಗತಿ, ಅಜ್ಜಿಯ ಬಾಯಲ್ಲಿ ಮಿಡಿ ಒರೆಸುವ ಹೊತ್ತಿನಲ್ಲಿ ಬಂದಿತ್ತು. ಬೇರೆಲ್ಲ ಕಿತ್ತು ಅದನ್ನೇ ಹಾಕಿದೆ. ಐವತ್ತೂ ಬಾಟಲಿ ವಾರದೊಳಗೆ ಹೋದವು.

ಆದರೂ ಫೋನ್ ನಿಲ್ಲಲಿಲ್ಲ. ಚಿಕ್ಕಮ್ಮನಿಗೆ ಒಲೆಯ ಮುಂದೆ ನಿಲ್ಲಲು ಪುರುಸೊತ್ತಿಲ್ಲ. ಜಾಹೀರಾತು ನಿಲ್ಲಿಸೋಣ ಅಂದರೆ ಇಡೀ ತಿಂಗಳಿನ ದುಡ್ಡು ಮೊದಲೇ ಕಟ್ಟಿದ್ದೇನೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ, ಯಾವ ಸಂದೂ ತೆರೆಯದೆ, ಯಾರನ್ನೂ ಬೆಚ್ಚಿಬೀಳಿಸದೆ ಬರೆದೆ: 'ಮಿಡಿ ಮುಗಿದಿದೆ. ಫೋನ್ ಮಾಡಬೇಡಿ.' ಈ ಕಸುಬು ಹಿಡಿದ ಮೇಲೆ ನಾನು ಬರೆದ ಶೀರ್ಷಿಕೆಯೊಂದನ್ನು ಓದಿ, ನಂಬಿ, ಜನ ಮುಗಿಬಿದ್ದದ್ದು ಆಗಲೇ. ಮಂಗಳೂರಿನಿಂದ ಮಾಡಿದರು, ಹುಬ್ಬಳ್ಳಿಯಿಂದ ಮಾಡಿದರು. ದುಬೈಯಿಂದ ಒಬ್ಬರು ಮುಂದಿನ ವರ್ಷದ್ದಕ್ಕೆ ಈಗಲೇ ಮುಂಗಡ ಕಳಿಸುತ್ತೇನೆ ಅಂತ ಹಟ ಹಿಡಿದರು. ಮಾರಲು ಮಾತ್ರ ಮನೆಯಲ್ಲಿ ಒಂದು ಮಿಡಿಯೂ ಉಳಿದಿರಲಿಲ್ಲ.